ದಾಕ್ಷಾಯಣಿ ಎದ್ದು ನಿಂತು ಕೇಳಿದ್ದು

ಸಂವಿಧಾನ ಸಭೆ ಅಂದರೆ ನಮ್ಮ ಕೇರಿಗಳಲ್ಲಿ ಒಂದೇ ಹೆಸರು. ಬಾಬಾಸಾಹೇಬ್ ಅಂಬೇಡ್ಕರ್. ಅದು ಹಾಗೇ ಇರಬೇಕಾದ್ದು. ಆದರೆ ಅದೇ ಸಭೆಯಲ್ಲಿ ನಮ್ಮ ಜನದ ಇನ್ನೊಂದು ದನಿಯೂ ಇತ್ತು, ಅದು ಹೆಣ್ಣಿನ ದನಿ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಸಭೆಯಲ್ಲಿ ಕೂತ 15 ಮಂದಿ ಹೆಂಗಸರಲ್ಲಿ ದಲಿತಳು ಅಂತ ಇದ್ದದ್ದು ಒಬ್ಬರೇ. ಕೊಚ್ಚಿ ಸೀಮೆಯ ಪುಲಯರ ಮಗಳು ದಾಕ್ಷಾಯಣಿ ವೇಲಾಯುಧನ್. 1946ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಆರಿಸಿ ಹೋದಾಗ ವಯಸ್ಸು 34. ಮಂತ್ರಿಯಲ್ಲ. ಕರಡು ಸಮಿತಿಯಲ್ಲಿ ಇರಲಿಲ್ಲ. ವಿಲಾಯತಿಗೆ ಹೋಗಿ ಕಾನೂನು ಓದಿ ಬಂದ ಮನೆತನ ಅಲ್ಲ. ನೆಹರೂ, ಪಟೇಲರಂಥ ಯಜಮಾನರ ಸಾಲಿನ ಹಿಂದೆ ಕೂತ ಒಬ್ಬ ಮೇಷ್ಟರಮ್ಮ.

ಈ ಸಲದ ಸಂಪಾದಕೀಯ ಅವರ ಬಗ್ಗೆ. ಯಾಕೆ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಈ ಹೆಣ್ಣುಮಗಳನ್ನು ಎರಡು ಕಡೆಯವರೂ ಸೇರಿ ಮುಗಿಸುತ್ತಾರೆ. ಮೀಸಲಾತಿ ಕಂಡರೆ ಹೊಟ್ಟೆ ಉರಿಯುವವರಿಗೆ ಅವರ ಒಂದೇ ಒಂದು ವಾಕ್ಯ ಸಾಕು, ಅದನ್ನು ಕಿತ್ತುಕೊಂಡು ಮಿಕ್ಕಿದ್ದನ್ನೆಲ್ಲ ಬಿಸಾಕುತ್ತಾರೆ. ನಮ್ಮವರಿಗೆ ಅವರು ಗಾಂಧಿ ಕಡೆಯವರು, ಕಾಂಗ್ರೆಸ್ಸಿನವರು. ಆದ್ದರಿಂದ ಮಾತೇ ಬೇಡ. ಹೀಗೆ ಒಂದು ಕಡೆ ಕಿತ್ತ ವಾಕ್ಯ, ಇನ್ನೊಂದು ಕಡೆ ಮೌನ. ನಡುವೆ ಆಕೆ ನಿಜವಾಗಿ ಎದ್ದು ನಿಂತು ಏನು ಕೇಳಿದರು ಅನ್ನೋದು ಸಭೆಯ ನಡವಳಿ ಪುಸ್ತಕದಲ್ಲಿ ಧೂಳು ತಿನ್ನುತ್ತಾ ಕೂತಿದೆ.

ಹುಟ್ಟಿದ್ದು 1912ರಲ್ಲಿ, ಕೊಚ್ಚಿಯ ಹಿನ್ನೀರಿನ ನಡುವಿನ ಮುಳವುಕಾಡ್ ಅನ್ನೋ ದ್ವೀಪದಲ್ಲಿ. ಪುಲಯರು ಅಂದರೆ ಗದ್ದೆಯ ಆಳುಗಳು. ದಾರಿಯಲ್ಲಿ ನಡೆಯೋ ಹಾಗಿಲ್ಲ, ಸೊಂಟದ ಮೇಲೆ ಬಟ್ಟೆ ಹಾಕೋ ಹಾಗಿಲ್ಲ. ಮಕ್ಕಳಿಗೆ ಹೆಸರಿಡೋದಕ್ಕೂ ಮೇಲಿನವರ ಅಪ್ಪಣೆ. ಕಾಳಿ, ಚಕ್ಕಿ, ಅಷ್ಟರಲ್ಲೇ ಇರಬೇಕು. ನಮ್ಮಲ್ಲಿ ಕರಿಯ, ತಿಪ್ಪ, ಕೆಂಚಿ ಇದ್ದ ಹಾಗೆ. ಅಂಥಾ ಕಡೆ ಮಗಳಿಗೆ ಪಾರ್ವತಿಯ ಹೆಸರಾದ ದಾಕ್ಷಾಯಣಿ ಅಂತ ಇಟ್ಟ ಅಪ್ಪ ಅಮ್ಮ ಸಾಮಾನ್ಯರಲ್ಲ. 1913ರಲ್ಲಿ ಕೊಚ್ಚಿಯ ಪುಲಯರು ಸಭೆ ಸೇರಬೇಕು ಅಂತ ಹೊರಟರು. ನೆಲದ ಮೇಲೆ ಸೇರಲು ಒಂದು ಗೇಣು ಜಾಗ ಕೊಡುವವರಿಲ್ಲ. ಹಿನ್ನೀರಿಗೆ ದೋಣಿಗಳನ್ನು ತಂದು, ಒಂದಕ್ಕೊಂದು ಕಟ್ಟಿ, ನೀರಿನ ಮೇಲೆ ಸಭೆ ಮಾಡಿದರು. ನೀರು ಯಾರ ಅಪ್ಪನದೂ ಅಲ್ಲವಲ್ಲ. ಆಗ ದಾಕ್ಷಾಯಣಿ ಎದೆಹಾಲು ಕುಡಿಯೋ ಕೂಸು. ನೆಲವಿಲ್ಲದವರು ನೀರಿನ ಮೇಲೆ ನಡೆಸಿದ ಆ ಸಭೆಯಿಂದ ದೆಹಲಿಯ ಸಭೆಯವರೆಗಿನ ದೂರವನ್ನು ಮೈಲಿಕಲ್ಲು ಎಣಿಸಿ ಹೇಳಲಾಗುವುದಿಲ್ಲ.

ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದರು. ಪ್ರಯೋಗಶಾಲೆಯಲ್ಲಿ ಮೇಲ್ಜಾತಿಯ ಉಪಾಧ್ಯಾಯರು ಆಕೆಗೆ ಪ್ರಯೋಗ ತೋರಿಸಲಿಲ್ಲ. ದೂರದಲ್ಲಿ ನಿಂತು, ಬೇರೆಯವರಿಗೆ ತೋರಿಸುತ್ತಿದ್ದುದನ್ನು ನೋಡಿಯೇ ಕಲಿತರು. 1935ರಲ್ಲಿ ಪಾಸಾದರು. ಈ ದೇಶದಲ್ಲಿ ಡಿಗ್ರಿ ಪಡೆದ ಮೊದಲ ದಲಿತ ಹೆಣ್ಣು ಅಂತ ಅವರನ್ನು ಹೇಳುತ್ತಾರೆ. ಆಮೇಲೆ ಹತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ ಮೇಷ್ಟರಮ್ಮ. 1940ರಲ್ಲಿ ವಾರ್ಧಾದ ಗಾಂಧಿ ಆಶ್ರಮದಲ್ಲಿ ಮದುವೆ. ಗಂಡ ರಾಮನ್ ವೇಲಾಯುಧನ್. ಗಾಂಧಿ, ಕಸ್ತೂರಬಾ ಮುಂದೆ ನಿಂತಿದ್ದ ಆ ಮದುವೆಗೆ ಮಂತ್ರ ಹೇಳಿದ ಪುರೋಹಿತ ಒಬ್ಬ ಕುಷ್ಠರೋಗಿ. ಗಾಂಧಿಯ ಪ್ರಭಾವ ಅವರ ಮೇಲೆ ಎಷ್ಟಿತ್ತು ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

ಆದರೆ ಗಾಂಧಿ ಮಂಟಪದಿಂದ ಬಂದ ಈ ಹೆಣ್ಣುಮಗಳು ಶಾಸನಸಭೆಯಲ್ಲಿ ಮೊದಲ ಸಲ ಬಾಯಿ ಬಿಟ್ಟಾಗ ಏನಂದರು ಗೊತ್ತೇನು? 1945ರಲ್ಲಿ ಕೊಚ್ಚಿ ಲೆಜಿಸ್ಲೇಟಿವ್ ಕೌನ್ಸಿಲ್ಲಿಗೆ ನಾಮಕರಣ ಆಯಿತು. ಆಗಸ್ಟ್ ತಿಂಗಳಲ್ಲಿ ಮೊದಲ ಭಾಷಣ. ದೇಶ, ಸ್ವರಾಜ್ಯ, ಧರ್ಮ ಇವಾವುದನ್ನೂ ಎತ್ತಿಕೊಳ್ಳಲಿಲ್ಲ. ಕೈಹಾಕಿದ್ದು ದುಡ್ಡಿನ ಲೆಕ್ಕಕ್ಕೆ. ಹಿಂದುಳಿದ, ತುಳಿಸಿಕೊಂಡ ಜಾತಿಗಳಿಗೆ ಅಂತ ಕೊಚ್ಚಿ ಸರ್ಕಾರ ಇಡುವ ಹಣ ಕಡಿಮೆಯಾಗುತ್ತಾ ಬಂದಿದೆ, ಯಾಕೆ? ಪಂಚಾಯಿತಿ, ಮುನಿಸಿಪಾಲಿಟಿಗಳಲ್ಲಿ ನಮ್ಮವರಿಗೆ ಸರಿಯಾದ ಪಾಲು ಎಲ್ಲಿ? ಹಾಗೇ ಮುಂದುವರಿದು ಇನ್ನೊಂದು ಮಾತು ಹೇಳಿದರು. ಅಸ್ಪೃಶ್ಯತೆ ಇರುವಷ್ಟು ದಿನ 'ಹರಿಜನ' ಅನ್ನೋ ಪದಕ್ಕೆ ಅರ್ಥವಿಲ್ಲ, ಅದು ನಾಯಿಗೆ ನೆಪೋಲಿಯನ್ ಅಂತ ಹೆಸರಿಟ್ಟ ಹಾಗೆ ಅಂದರು. ಗಾಂಧಿಯ ಮುಂದೆ ತಾಳಿ ಕಟ್ಟಿಸಿಕೊಂಡು ಬಂದು ಐದು ವರ್ಷಕ್ಕೆ ಗಾಂಧಿ ಕೊಟ್ಟ ಹೆಸರಿಗೆ ಈ ಮಾತು! ನಮ್ಮ ಎಷ್ಟೋ ಜನ ಭಾಷಣಕಾರರಿಗೆ ಇಂಥಾ ಒಂದು ವಾಕ್ಯ ಜನ್ಮದಲ್ಲಿ ಹುಟ್ಟಲಿಲ್ಲ. ಗಾಂಧಿ ಕಡೆಯವರು ಅಂತ ಅವರನ್ನು ಒಂದೇ ಏಟಿಗೆ ತಳ್ಳಿಹಾಕುವವರು ಈ ಭಾಷಣವನ್ನು ಎಲ್ಲಿಡುತ್ತಾರೆ?

ನಾಮಕರಣಗೊಂಡ ಸದಸ್ಯೆ. ಸರ್ಕಾರ ಕೊಟ್ಟ ಕುರ್ಚಿ. ಆ ಕುರ್ಚಿಯ ಮೇಲೆ ಕೂತೇ ಆ ಸರ್ಕಾರದ ಬಜೆಟ್ಟಿನ ಲೆಕ್ಕ ಕೇಳಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ದೆಹಲಿ. ಸಂವಿಧಾನ ಸಭೆ 1946ರ ಡಿಸೆಂಬರ್ 9ಕ್ಕೆ ಸೇರಿತು. ನೆಹರೂ ಧ್ಯೇಯಗಳ ನಿರ್ಣಯ ಮಂಡಿಸಿದರು. ಡಿಸೆಂಬರ್ 17ಕ್ಕೆ ಬಾಬಾಸಾಹೇಬರು ಮಾತಾಡಿದರು. ಎರಡು ದಿನ ಬಿಟ್ಟು 19ಕ್ಕೆ ದಾಕ್ಷಾಯಣಿ ಎದ್ದರು. ಸಂವಿಧಾನ ಸಭೆ ಬರೀ ಕಾನೂನು ಬರೆದರೆ ಆಗಲಿಲ್ಲ, ಜನಕ್ಕೆ ಬದುಕಿನ ಹೊಸ ಚೌಕಟ್ಟನ್ನೇ ಕೊಡಬೇಕು ಅಂದರು. ಪ್ರಾಚೀನ ಲಿಚ್ಛವಿ ಗಣರಾಜ್ಯದಲ್ಲಿ ಪ್ರತಿಯೊಬ್ಬನೂ ತಾನೇ ರಾಜ ಅಂದುಕೊಂಡಿದ್ದ ಕತೆಯನ್ನು ನೆನಪಿಸಿದರು. ಮುಂದಿನ ಗಣರಾಜ್ಯದಲ್ಲಿ ಕೆಳಗೆ ಬಿದ್ದವರೇ ಆಳುವವರಾಗಬೇಕು ಅಂದರು. ಬ್ರಿಟಿಷರು ನಮ್ಮನ್ನು ಕಾಪಾಡುತ್ತಾರೆ ಅನ್ನೋ ಭ್ರಮೆ ಬೇಡ, ನಮ್ಮ ಬಿಡುಗಡೆ ಈ ದೇಶದವರಿಂದಲೇ ಆಗಬೇಕು ಅಂದರು. ಮತ್ತೆ, ನಮಗೆ ಬೇಕಿರುವುದು ಥರಾವರಿ ರಕ್ಷಣೆಗಳಲ್ಲ, ನೈತಿಕ ರಕ್ಷಣೆ, ನಮ್ಮ ಸಾಮಾಜಿಕ ಅಡ್ಡಿಗಳು ಈ ಕೂಡಲೇ ತೊಲಗುವುದು, ಅಂದರು. ಏಳು ಕೋಟಿ ಜನವನ್ನು ಅಲ್ಪಸಂಖ್ಯಾತರು ಅಂತ ಕರೆಯುವುದನ್ನೂ ಅವರು ಒಪ್ಪಲಿಲ್ಲ.

ನೈತಿಕ ರಕ್ಷಣೆ! ಈ ಮಾತು ಓದುವಾಗ ನಮಗೆ ಹಲ್ಲು ಜುಮ್ಮೆನ್ನುತ್ತದೆ. ಯಾರ ನೀತಿ? ಬಾವಿಕಟ್ಟೆಯಲ್ಲಿ ಕಾವಲು ಕೂತವನದ್ದೇ? ಆದರೆ ಇದನ್ನು ಹೇಳಿದ ದಿನ ಯಾವುದು ಅಂತ ನೋಡಿ. 1946ರ ಡಿಸೆಂಬರ್. ದೇಶ ಇನ್ನೂ ಆಗಿಲ್ಲ. ಸಂವಿಧಾನದ ಒಂದು ಸಾಲೂ ಬರೆದಿಲ್ಲ. ಎದುರಿಗೆ ಕೂತಿರುವವರು ಮಾತಿಗೆ ಕಟ್ಟುಬಿದ್ದಾರು ಅನ್ನೋ ಆಸೆ ಒಬ್ಬ ಮೇಷ್ಟರಮ್ಮನಿಗೆ ಇದ್ದರೆ ನಗಬೇಕಾಗಿಲ್ಲ. ಆ ಆಸೆಗೆ ದ್ರೋಹ ಮಾಡಿದವರು ಯಾರು ಅಂತ ಕೇಳಬೇಕು.

1947ರಲ್ಲಿ ಮೂಲಭೂತ ಹಕ್ಕುಗಳ ಚರ್ಚೆ. ಬಿಟ್ಟಿ ಚಾಕರಿ, ಮನುಷ್ಯರ ಮಾರಾಟ ನಿಷೇಧಿಸುವ ಕಲಮು ಬಂತು. ಈಗಿನ 23ನೇ ವಿಧಿ. ದೊಡ್ಡವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕಲಮು. ದಾಕ್ಷಾಯಣಿ ಮಾತ್ರ ಎದ್ದು, ಈ ಒಂದು ಕಲಮು ನಿಜವಾಗಿ ಜಾರಿಯಾದರೆ ಈ ದೇಶದ ಫ್ಯಾಸಿಸ್ಟ್ ಸಮಾಜದ ಕಟ್ಟಡದಲ್ಲಿ ಆರ್ಥಿಕ ಕ್ರಾಂತಿಯೇ ಆಗುತ್ತದೆ ಅಂದರು. ಫ್ಯಾಸಿಸ್ಟ್ ಅನ್ನೋ ಪದವನ್ನು ಆಕೆ ಬಳಸಿದ್ದು ಹಿಟ್ಲರನಿಗಲ್ಲ, ನಮ್ಮ ಊರಿನ ವ್ಯವಸ್ಥೆಗೆ. ಗೌಡನ ಹಟ್ಟಿಯ ಸಗಣಿ ಬಾಚುವ ಕೈಗೆ ಕೂಲಿ ಕೊಡಬೇಕು ಅನ್ನೋದೇ ಈ ದೇಶದಲ್ಲಿ ಕ್ರಾಂತಿ ಅಂತ ಗೊತ್ತಿದ್ದವರು ಮಾತ್ರ ಆ ಮಾತು ಹೇಳಬಲ್ಲರು. ಆ ಕಲಮು 1950ರಲ್ಲಿ ಜಾರಿಗೆ ಬಂತು. ಜೀತ ಬಿಡಿಸುವ ದೇಶವ್ಯಾಪಿ ಕಾನೂನು ಬಂದದ್ದು 1976ರಲ್ಲಿ. ಇಪ್ಪತ್ತಾರು ವರ್ಷ! ಜೀತಕ್ಕೆ ಬಿದ್ದ ಹುಡುಗ ಅಷ್ಟರಲ್ಲಿ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳೂ ಅದೇ ಕೊಟ್ಟಿಗೆಗೆ ಬಂದಿರುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 1947ರ ಆಗಸ್ಟ್ 28. ಸ್ವಾತಂತ್ರ್ಯ ಬಂದು ಹದಿಮೂರು ದಿನ. ಕೆಂಪುಕೋಟೆಯ ಬಾವುಟದ ಬಣ್ಣ ಇನ್ನೂ ಹೊಸದು. ಸಭೆಯಲ್ಲಿ ಅಲ್ಪಸಂಖ್ಯಾತರ ವರದಿಯ ಮೇಲೆ ಚರ್ಚೆ. ಪ್ರಶ್ನೆ ಇಷ್ಟೇ: ದಲಿತರಿಗೆ ಅಂತ ಮೀಸಲಿಟ್ಟ ಸೀಟಿನಲ್ಲಿ ಯಾರು ಗೆಲ್ಲಬೇಕು, ಯಾರ ಓಟಿನಿಂದ ಗೆಲ್ಲಬೇಕು?

ಇದರ ಹಿಂದಿನ ಕತೆ ಹೊಸ ಹುಡುಗರಿಗೆ ಹೇಳಬೇಕು. 1932ರಲ್ಲಿ ಬ್ರಿಟಿಷರು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು. ಅಂದರೆ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವುದು, ಮೇಲೆ ಸಾಮಾನ್ಯ ಓಟೂ ಉಂಟು. ಗಾಂಧಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಬಾಬಾಸಾಹೇಬರ ಕತ್ತಿನ ಮೇಲೆ ಇಡೀ ದೇಶವನ್ನೇ ಕೂರಿಸಿದರು. ಪೂನಾ ಒಪ್ಪಂದ ಆಯಿತು. ಸೀಟು 148 ಆದವು, ಆದರೆ ಓಟು ಜಂಟಿಯಾಯಿತು. ಒಂದೇ ಒಂದು ಉಳಿಕೆ ಏನಂದರೆ, ಮೊದಲು ದಲಿತರೇ ನಾಲ್ಕು ಜನರನ್ನು ಆರಿಸುವುದು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸುವುದು. ಸಂವಿಧಾನ ಬರುವ ಹೊತ್ತಿಗೆ ಆ ಉಳಿಕೆಯೂ ಹೋಯಿತು. ಮದ್ರಾಸಿನ ಎಸ್. ನಾಗಪ್ಪ, ಅವರೂ ನಮ್ಮವರೇ, ಆ ದಿನ ಒಂದು ತಿದ್ದುಪಡಿ ತಂದರು. ಮೀಸಲು ಸೀಟಿನಲ್ಲಿ ಗೆಲ್ಲುವವನಿಗೆ ತನ್ನ ಜನದ ಓಟಿನಲ್ಲೇ ಶೇಕಡಾ 35 ಬಿದ್ದಿರಬೇಕು. ಇಲ್ಲದಿದ್ದರೆ ಗೆದ್ದ ಹಾಗಲ್ಲ. ಇದು ನಿಲ್ಲಲಿಲ್ಲ. ನಿಂತಿದ್ದರೆ ಇವತ್ತಿನ ರಾಜಕೀಯದ ಮುಖವೇ ಬೇರೆ ಇರುತ್ತಿತ್ತು ಅನ್ನೋದು ನಮ್ಮ ಖಚಿತ ಅಭಿಪ್ರಾಯ.

ದಾಕ್ಷಾಯಣಿ ಈ ತಿದ್ದುಪಡಿಯನ್ನು ವಿರೋಧಿಸಿದರು. ಪ್ರತ್ಯೇಕ ಮತಕ್ಷೇತ್ರ ಯಾವ ವೇಷದಲ್ಲಿ ಬಂದರೂ ಬೇಡ ಅಂದರು. ಅಲ್ಲಿಗೇ ನಿಲ್ಲಲಿಲ್ಲ. ವೈಯಕ್ತಿಕವಾಗಿ ತಾನು ಎಲ್ಲಿಯೂ ಯಾವ ಬಗೆಯ ಮೀಸಲಾತಿಯ ಪರವೂ ಅಲ್ಲ ಅಂದುಬಿಟ್ಟರು. ಮೇಲಿನವರು ಕಿತ್ತುಕೊಂಡು ಓಡುವ ವಾಕ್ಯ ಇದೇ.

ಆದರೆ ಅದರ ಹಿಂದಿನ ವಾಕ್ಯ ಏನು? ಪರಿಶಿಷ್ಟರು ಅನ್ನಿ, ಹರಿಜನರು ಅನ್ನಿ, ಏನಾದರೂ ಕರೆಯಿರಿ, ಅವರು ಎಲ್ಲಿಯವರೆಗೆ ಬೇರೆಯವರ ಆರ್ಥಿಕ ಗುಲಾಮರಾಗಿರುತ್ತಾರೋ ಅಲ್ಲಿಯವರೆಗೆ ಪ್ರತ್ಯೇಕ ಮತಕ್ಷೇತ್ರ, ಜಂಟಿ ಮತಕ್ಷೇತ್ರ, ಇಷ್ಟು ಪರ್ಸೆಂಟ್ ಅಷ್ಟು ಪರ್ಸೆಂಟ್, ಇವು ಯಾವುದಕ್ಕೂ ಅರ್ಥವಿಲ್ಲ. ಇದು ಆಕೆಯ ವಾದ. ಜಂಟಿ ಮತಕ್ಷೇತ್ರಕ್ಕೂ ಅರ್ಥವಿಲ್ಲ ಅಂದಿದ್ದಾರೆ, ಕಣ್ಣು ಬಿಟ್ಟು ಓದಿ. ಕೂಲಿಗೆ ಅವನ ಗದ್ದೆಗೇ ಹೋಗಬೇಕು, ಹೆರಿಗೆಗೆ ಸಾಲ ಅವನ ಹತ್ತಿರವೇ ತರಬೇಕು, ಗುಡಿಸಲು ಹಾಕಿರುವುದು ಅವನ ಜಮೀನಿನ ಅಂಚಿನಲ್ಲಿ. ಇಂಥವನ ಕೈಯಲ್ಲಿ ಓಟಿನ ಚೀಟಿ ಕೊಟ್ಟು ಸ್ವತಂತ್ರ ಅನ್ನುತ್ತೀರಾ? ಇದು ಮೀಸಲಾತಿ ವಿರೋಧಿಗಳ ವಾದವಲ್ಲ. ಅವರು ಭೂಮಿ ಹಂಚಿ ಅಂತ ಎಂದಾದರೂ ಕೇಳಿದ್ದಾರಾ? ದಾಕ್ಷಾಯಣಿಯ ಹೆಸರು ಹೇಳಿ ಮೀಸಲಾತಿ ತೆಗೆಯಿರಿ ಅನ್ನುವವರು ಮೊದಲು ಆಕೆಯ ಷರತ್ತನ್ನು ಪೂರೈಸಿ ಬರಲಿ. ನಮ್ಮ ಜನವನ್ನು ಆರ್ಥಿಕ ಗುಲಾಮಗಿರಿಯಿಂದ ಬಿಡಿಸಿ ಬಂದು ಆಮೇಲೆ ಮಾತಾಡಲಿ.

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ನೇರ ಹೇಳಬೇಕು. ಮೀಸಲಾತಿ ಬೇಡ ಅನ್ನೋ ಆ ಮಾತಿನಲ್ಲಿ ನಾವು ದಾಕ್ಷಾಯಣಿಯವರ ಜೊತೆ ಇಲ್ಲ. ಅವರನ್ನು ಗೌರವಿಸುತ್ತೇವೆ ಅಂತ ಅದನ್ನು ಒಪ್ಪಲು ಬರುವುದಿಲ್ಲ. ನೈತಿಕ ರಕ್ಷಣೆಯನ್ನು ನಂಬಿ ಕೂತಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ನಮ್ಮ ಕಂಬಾಲಪಲ್ಲಿ ಸಾಕು. 2000ನೇ ಇಸವಿ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ತಾವೇ ಸುಟ್ಟುಕೊಂಡರೇ? ಕಾನೂನು, ಮೀಸಲಾತಿ, ಕೋರ್ಟು ಎಲ್ಲ ಇದ್ದು ಹೀಗಾದರೆ, ಬರೀ ನೀತಿಯನ್ನು ನಂಬಿದವರ ಗತಿ ಏನು?

ಆದರೆ ಇನ್ನೊಂದು ಕಡೆಯಿಂದ ನೋಡಿ. ಅದೇ 1947ರಲ್ಲಿ ಬಾಬಾಸಾಹೇಬರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಅನ್ನೋ ಮನವಿ ಬರೆದಿದ್ದರು. ಅದರಲ್ಲಿ ಪ್ರತ್ಯೇಕ ಮತಕ್ಷೇತ್ರ ಬೇಕು ಅಂತ ಕೇಳಿದ್ದರು. ಅದರಲ್ಲೇ, ವ್ಯವಸಾಯದ ಭೂಮಿಯೆಲ್ಲ ಸರ್ಕಾರದ್ದಾಗಬೇಕು, ಜಮೀನ್ದಾರನೂ ಇರಬಾರದು, ಗೇಣಿದಾರನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅಂತಲೂ ಬರೆದಿದ್ದರು. ಮತಕ್ಷೇತ್ರದ ವಿಷಯದಲ್ಲಿ ಇವರಿಬ್ಬರೂ ಎದುರು ಬದುರು. ಹೊಲದ ಬದುವಿನ ಮೇಲೆ ನಿಂತಾಗ ಒಂದೇ ಕಡೆ. ಓಟು ಬರೀ ಓಟಾಗಿ ಉಳಿದರೆ ಅದನ್ನು ಕೊಂಡುಕೊಳ್ಳುವವರು ಬಂದೇ ಬರುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು. ಸಂವಿಧಾನದಲ್ಲಿ ಮೀಸಲು ಸೀಟು ಬಂತು, ಭೂಮಿ ಬರಲಿಲ್ಲ. ನಾಗಪ್ಪನವರ 35 ಪರ್ಸೆಂಟೂ ಬರಲಿಲ್ಲ. ಮೇಲಿನವರು ತಮಗೆ ಅನುಕೂಲವಾದ್ದನ್ನು ಮೂರೂ ಜನರಿಂದ ಆರಿಸಿಕೊಂಡರು.

1948ರ ನವೆಂಬರ್‌ನಲ್ಲಿ ಕರಡು ಸಂವಿಧಾನ ಸಭೆಯ ಮುಂದೆ ಬಂತು. 8ನೇ ತಾರೀಕು ದಾಕ್ಷಾಯಣಿ ಮಾತಾಡಿದರು. ಬಾಬಾಸಾಹೇಬರ ಮಂಡನೆಯನ್ನು ಹೊಗಳಿದರು, ಕೊಟ್ಟ ಚೌಕಟ್ಟಿನಲ್ಲಿ ಅವರು ಮಾಡಬಹುದಾದ್ದನ್ನು ಮಾಡಿದ್ದಾರೆ ಅನ್ನೋ ಅರ್ಥದಲ್ಲಿ. ಆದರೆ ಕರಡಿನಲ್ಲಿ ಹೊಸ ವಿಚಾರವೂ ಇಲ್ಲ, ತತ್ವವೂ ಇಲ್ಲ, ಬರಡು ಅಂದರು. ಅಧಿಕಾರ ಎಲ್ಲ ದೆಹಲಿಗೆ ಹೋಗಿ ಗುಡ್ಡೆ ಬೀಳುತ್ತಿದೆ ಅಂದರು. ಕಡೆಗೆ, ಮುಂದೆ ಸಾರ್ವತ್ರಿಕ ಚುನಾವಣೆ ನಡೆದಾಗ ಈ ಸಂವಿಧಾನಕ್ಕೆ ಜನರ ಒಪ್ಪಿಗೆ ಪಡೆಯಬೇಕು ಅಂದರು. ನೆನಪಿರಲಿ, ಆ ಸಭೆಯನ್ನು ಆರಿಸಿದ ಪ್ರಾಂತ್ಯಗಳ ಶಾಸನಸಭೆಗಳನ್ನು ಎಲ್ಲ ಜನರೂ ಸೇರಿ ಆರಿಸಿದ್ದಲ್ಲ. ತೆರಿಗೆ, ಆಸ್ತಿ, ಓದು ಇದ್ದವರಿಗೆ ಮಾತ್ರ ಓಟಿದ್ದ ಕಾಲ. ಗದ್ದೆಯ ಪುಲಯನಿಗೆ, ನಮ್ಮ ಹೊಲದ ಮಾದಿಗನಿಗೆ ಓಟಿರಲಿಲ್ಲ. ಅವರನ್ನೂ ಕೇಳಿ ಅಂದವರು ಹಿಂದಿನ ಸಾಲಿನ ಈ ಹೆಂಗಸು. ಕೇಳಲಿಲ್ಲ.

ನವೆಂಬರ್ 29. ಅಸ್ಪೃಶ್ಯತೆ ರದ್ದು ಮಾಡುವ ವಿಧಿ, ಕರಡಿನಲ್ಲಿ 11, ಈಗ 17. ಅಸ್ಪೃಶ್ಯತೆ ಅಂದರೆ ಏನು ಅಂತ ಅರ್ಥ ಬರೆಯಿರಿ ಅಂತ ಒಂದಿಬ್ಬರು ಕೇಳಿದರು, ಬರೆಯಲಿಲ್ಲ. ದಾಕ್ಷಾಯಣಿ ಎದ್ದು, ಕರಡು ಸಮಿತಿಯ ಅಧ್ಯಕ್ಷರೇ ಅಸ್ಪೃಶ್ಯರಾಗಿರುವಾಗ ಈ ವಿಧಿ ಇಲ್ಲದ ಸಂವಿಧಾನವನ್ನು ನಿರೀಕ್ಷಿಸಲಾಗದು ಅಂದರು. ಮತಕ್ಷೇತ್ರದ ವಿಷಯದಲ್ಲಿ ಬಾಬಾಸಾಹೇಬರ ಎದುರು ನಿಂತವರೇ ಆ ದಿನ ಆ ಹೆಮ್ಮೆಯನ್ನು ಬಾಯಿಬಿಟ್ಟು ಹೇಳಿಕೊಂಡರು. ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದರ ಮೇಲೆ ಸಂವಿಧಾನ ನಿಂತಿದೆ, ಬರೀ ಕಾನೂನಿನ ಮೇಲಲ್ಲ ಅಂದರು. ಸರ್ಕಾರಗಳು ಊರೂರಿಗೆ ಹೋಗಿ ಇದರ ವಿರುದ್ಧ ಪ್ರಚಾರ ಮಾಡಬೇಕು ಅಂದರು. ಮಾತಾಡುತ್ತಾ ಇರುವಾಗ ಪೀಠದಿಂದ ಎಚ್ಚರಿಕೆ ಬಂತಂತೆ, ಸಮಯ ಮೀರಿತು, ಹೆಂಗಸು ಅಂತ ಬಿಟ್ಟಿದ್ದೇನೆ, ಅಂತ. ಸಾವಿರಾರು ವರ್ಷ ಬಾಯಿ ಮುಚ್ಚಿಸಿದವರಿಗೆ ನಾಲ್ಕು ನಿಮಿಷ ಜಾಸ್ತಿಯಾಯಿತು. ಅದೂ ಹೆಂಗಸು ಅನ್ನೋ ದಯೆಯ ಮೇಲೆ!

ವಿಧಿ ಪಾಸಾಯಿತು. ಪಾಸಾದ ಕೂಡಲೇ ಸಭೆಯಲ್ಲಿ ಕೂಗಿದ್ದು 'ಮಹಾತ್ಮಾ ಗಾಂಧೀಕಿ ಜೈ'. ಬರೆದವನು ಅಲ್ಲೇ ಎದುರಿಗೇ ಕೂತಿದ್ದ. ಅವನಿಗೆ ಜೈ ಇಲ್ಲ. ಆ ವಿಧಿಯನ್ನು ಮುರಿದವರಿಗೆ ಶಿಕ್ಷೆ ಹೇಳುವ ಕಾನೂನು ಬರಲು 1955 ಆಯಿತು. ದೌರ್ಜನ್ಯ ತಡೆ ಕಾಯಿದೆಗೆ 1989. ಜೈ ಕೂಗುವುದಕ್ಕೆ ಒಂದು ನಿಮಿಷವೂ ತಡವಾಗಲಿಲ್ಲ ನೋಡಿ.

ಇಷ್ಟು ಮಾತಾಡಿದ ಹೆಣ್ಣುಮಗಳಿಗೆ ಏನು ಸಿಕ್ಕಿತು? 1952ರ ಮೊದಲ ಲೋಕಸಭೆಯಲ್ಲಿ ಅವರಿಲ್ಲ. 1971ರಲ್ಲಿ ಕೇರಳದ ಅಡೂರಿನಿಂದ ಪಕ್ಷೇತರರಾಗಿ ನಿಂತು ಸೋತರು. 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ತು ಕಟ್ಟಿದರು, ಕಸ ಗುಡಿಸುವ ಹೆಂಗಸರ ನಡುವೆ ಕೆಲಸ ಮಾಡಿದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು. ಕೇರಳ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಇಟ್ಟದ್ದು 2019ರಲ್ಲಿ. ನಾಲ್ಕು ದಶಕ ಕಳೆದ ಮೇಲೆ ಸರ್ಕಾರಕ್ಕೆ ನೆನಪು ಬಂತು. ನಮಗೆ ಅದೂ ಇಲ್ಲ.

ಈಗ ನಮ್ಮ ಸೀಮೆಗೆ ಬನ್ನಿ. ಕರ್ನಾಟಕದ ವಿಧಾನಸಭೆಯಲ್ಲಿ 224 ಸೀಟು. ಪರಿಶಿಷ್ಟ ಜಾತಿಗೆ 36, ಪಂಗಡಕ್ಕೆ 15. ಎರಡೂ ಸೇರಿ 51 ಜನ. ಲೋಕಸಭೆಯಲ್ಲಿ 543ಕ್ಕೆ 84 ಮತ್ತು 47. ಸಣ್ಣ ಸೈನ್ಯವೇನಲ್ಲ. ಒಂದು ದಿನ ಎಲ್ಲರೂ ಒಟ್ಟಿಗೆ ಎದ್ದು ನಿಂತರೆ ಯಾವ ಸರ್ಕಾರದ ಕುರ್ಚಿಯ ಕಾಲೂ ಅಲುಗಬೇಕು. ಅಲುಗಿದೆಯಾ?

ಯಾಕೆ ಅಲುಗಲಿಲ್ಲ ಅನ್ನೋದಕ್ಕೆ ಬರೀ ಆ ಮನುಷ್ಯನ ಹೇಡಿತನ ಕಾರಣ ಅಂತ ಬೈದು ಸುಮ್ಮನಾದರೆ ನಾವು ಸುಲಭದ ಕೆಲಸ ಮಾಡಿದ ಹಾಗೆ. ಮೀಸಲು ಕ್ಷೇತ್ರದ ಶಾಸಕ ಗೆಲ್ಲುವುದು ಮುಕ್ಕಾಲು ಪಾಲು ಬೇರೆಯವರ ಓಟಿನಿಂದ. ಟಿಕೇಟು ಕೊಡುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತ ದೊಡ್ಡ ಜಾತಿಯ ಯಜಮಾನರು. ಖರ್ಚಿಗೆ ದುಡ್ಡು ಕಂಟ್ರಾಕ್ಟರನದು. ಸಾಲದ್ದಕ್ಕೆ 1985ರಿಂದ ಪಕ್ಷಾಂತರದ ಕಾನೂನು ಬೇರೆ. ವಿಪ್ ಮೀರಿ ಓಟು ಹಾಕಿದರೆ ಸೀಟೇ ಹೋಗುತ್ತದೆ. ಕುದುರೆ ವ್ಯಾಪಾರ ನಿಲ್ಲಿಸಲು ತಂದರು ಅಂತಾರೆ. ವ್ಯಾಪಾರ ನಿಂತಿಲ್ಲ ಅನ್ನೋದನ್ನು ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಕುದುರೆಯ ಬಾಯಿಗೆ ಕಡಿವಾಣ ಮಾತ್ರ ಬಿತ್ತು.

ಸರಿ. ಓಟು ವಿಪ್ಪಿನ ಕೈಲಿದೆ. ಆದರೆ ಬಾಯಿ? ಪ್ರಶ್ನೆ ಕೇಳಲು ವಿಪ್ ಬೇಡ ಅಂದಿದೆಯಾ? ಶೂನ್ಯವೇಳೆಯಲ್ಲಿ ಎದ್ದು ನಿಲ್ಲಬೇಡ ಅಂತ ಯಾವ ಕಾನೂನಿದೆ? ದಾಕ್ಷಾಯಣಿಯ ಕಾಲದಲ್ಲಿ ಕಾಂಗ್ರೆಸ್ಸು ಇವತ್ತಿನ ಯಾವ ಪಕ್ಷಕ್ಕಿಂತಲೂ ದೊಡ್ಡ ಮರ. ಅದರ ನೆರಳಲ್ಲಿ ಕೂತೇ ಆಕೆ ಕರಡು ಬರಡು ಅಂದದ್ದು.

ಒಂದು ಲೆಕ್ಕ ನೋಡಿ. ಕೊಚ್ಚಿಯ ಕೌನ್ಸಿಲ್ಲಿನಲ್ಲಿ ಆಕೆ ಮೊದಲು ಕೇಳಿದ್ದು ನಮ್ಮ ಪಾಲಿನ ಹಣ ಎಲ್ಲಿ ಹೋಯಿತು ಅಂತ. ಕರ್ನಾಟಕದಲ್ಲಿ 2013ರಲ್ಲಿ ಪರಿಶಿಷ್ಟರ ಉಪಯೋಜನೆಗೆ ಕಾಯಿದೆಯೇ ಆಯಿತು. ಜನಸಂಖ್ಯೆಗೆ ತಕ್ಕ ಹಾಗೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು. ಒಳ್ಳೆಯ ಕಾಯಿದೆ. ಆದರೆ ಅದರೊಳಗೆ 7(ಡಿ) ಅನ್ನೋ ಬಿಲ ಇತ್ತು. ರಸ್ತೆಗೆ, ನೀರಾವರಿಗೆ ಅಂತ ಎಲ್ಲದಕ್ಕೂ ಆ ಬಿಲದಿಂದ ಹಣ ಹೋಯಿತು. ಹೋರಾಟ ಆಗಿ ಆಗಿ 2023ರಲ್ಲಿ ಬಿಲ ಮುಚ್ಚಿದರು. ಮುಚ್ಚಿದ ವರ್ಷವೇ ಗ್ಯಾರಂಟಿ ಯೋಜನೆಗಳಿಗೆ ಅಂತ ಇದೇ ಹಣದಿಂದ 11,000 ಕೋಟಿಗೂ ಹೆಚ್ಚು ತೆಗೆದರು. ಗ್ಯಾರಂಟಿ ಪಡೆಯುವವರಲ್ಲಿ ದಲಿತರೂ ಇದ್ದಾರೆ, ಅವರ ಪಾಲನ್ನೇ ಅವರಿಗೆ ಕೊಟ್ಟಿದ್ದೇವೆ ಅಂತ ಸರ್ಕಾರದ ಸಮಾಧಾನ. ಎಲ್ಲರಿಗೂ ಕೊಡುವ ಊಟದಲ್ಲಿ ನಮ್ಮ ಎಲೆಯ ಅನ್ನಕ್ಕೆ ಮಾತ್ರ ನಮ್ಮ ಮನೆಯ ಅಕ್ಕಿಯೇ ಆಗಬೇಕಾ? ಇದನ್ನು 51 ಜನದಲ್ಲಿ ಯಾರು ಯಾರು ಸದನದ ಒಳಗೆ, ನಡವಳಿಯಲ್ಲಿ ದಾಖಲಾಗುವ ಹಾಗೆ ಕೇಳಿದರು? ಪತ್ರಿಕಾಗೋಷ್ಠಿಯಲ್ಲಿ ಅಲ್ಲ, ಮದುವೆ ಮನೆಯಲ್ಲಿ ನಮ್ಮ ಹೆಗಲ ಮೇಲೆ ಕೈ ಹಾಕಿ ಅಲ್ಲ. ಸದನದಲ್ಲಿ.

ಭೂಮಿಯೂ ಹಾಗೇ. ಸರ್ಕಾರ ದಲಿತರಿಗೆ ಕೊಟ್ಟ ಜಮೀನನ್ನು ಉಳ್ಳವರು ಬರೆಸಿಕೊಂಡಿದ್ದರೆ ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯಿದೆ ಇದೆ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಅಂದಮೇಲೆ ಎಷ್ಟೋ ಕೇಸು ಬಿದ್ದುಹೋದವು. 2023ರಲ್ಲಿ ಕಾಯಿದೆ ತಿದ್ದಿ, ಕಾಲಮಿತಿ ಇಲ್ಲ ಅಂತ ಬರೆದರು. ಅದೂ ಸದನ ತಾನಾಗಿ ಎಚ್ಚೆತ್ತು ಮಾಡಿದ್ದಲ್ಲ, ಜಮೀನು ಕಳಕೊಂಡ ಮುದುಕ ಮುದುಕಿಯರು ಬೀದಿಯಲ್ಲಿ ಕೂತು ಮಾಡಿಸಿದ್ದು. ಇನ್ನೊಂದು ಕಡೆ 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, ಬಿ ಕಿತ್ತುಹಾಕಿ ವ್ಯವಸಾಯ ಮಾಡದವನೂ ಎಷ್ಟು ವರಮಾನ ಇದ್ದವನೂ ಹೊಲ ಕೊಳ್ಳಬಹುದು ಅಂದರು. ಆರ್ಥಿಕ ಗುಲಾಮರು ಅಂತ 1947ರಲ್ಲಿ ಆಕೆ ಹೇಳಿದ ಮಾತಿಗೆ ಟಿಪ್ಪಣಿ ಬೇಕಾದವರು ಈ ಎರಡು ತಿದ್ದುಪಡಿಗಳನ್ನು ಅಕ್ಕಪಕ್ಕ ಇಟ್ಟು ಓದಲಿ.

ಈ ಚರ್ಚೆಗೆ ಈಗ ಗಡುವೂ ಇದೆ. ಶಾಸನಸಭೆಗಳ ಮೀಸಲು ಸೀಟು ಮೊದಲು ಹತ್ತು ವರ್ಷಕ್ಕೆ ಅಂತ ಬರೆದದ್ದು. ಹತ್ತು ಹತ್ತು ವರ್ಷ ಮುಂದಕ್ಕೆ ಹಾಕುತ್ತಾ ಬಂದು, 2019ರ ತಿದ್ದುಪಡಿಯಿಂದ 2030ರ ಜನವರಿಯವರೆಗೆ ಬಂದಿದೆ. ಉದ್ಯೋಗ, ಶಿಕ್ಷಣದ ಮೀಸಲಾತಿಗೆ ಈ ಗಡುವಿಲ್ಲ, ಗೊಂದಲ ಬೇಡ. 2023ರಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಅಂತ ಸಂವಿಧಾನ ತಿದ್ದಿದರು. ನಮ್ಮ ಮೀಸಲು ಸೀಟಿನೊಳಗೂ ಮೂರನೇ ಒಂದು ಪಾಲು ಹೆಂಗಸರಿಗೆ. ಜನಗಣತಿ, ಕ್ಷೇತ್ರ ವಿಂಗಡಣೆ ಅಂತ ಅದಕ್ಕೆ ಷರತ್ತು ಹಾಕಿದರು. 1946ರಲ್ಲಿ ಒಬ್ಬರೇ ಹೋದ ಬಾಗಿಲಲ್ಲಿ ಮುಂದೆ ಹತ್ತಾರು ಜನ ದಲಿತ ಹೆಣ್ಣುಮಕ್ಕಳು ಹೋಗುವ ದಿನ ಬರುತ್ತದೆ. ಅವರನ್ನು ಆರಿಸಿ ಕಳಿಸುವವರು ಯಾರು? ಕಂಟ್ರಾಕ್ಟರನ ಮನೆಯ ಟಿಕೇಟಿನಲ್ಲಿ ಹೋದವರು ಸೀರೆ ಉಟ್ಟ ಮೌನವಾಗಿ ಕೂರುತ್ತಾರೆ. ನಾಗಪ್ಪನವರ ಆ 35 ಪರ್ಸೆಂಟಿನ ಮಾತನ್ನು ಮತ್ತೆ ಎತ್ತಬೇಕಾ, ಬೇರೆ ದಾರಿ ಏನಾದರೂ ಇದೆಯಾ ಅಂತ ಸಂಘಟನೆಯೊಳಗೆ ಈಗಲೇ ಜಗಳವಾಡಿಯಾದರೂ ತೀರ್ಮಾನಿಸಬೇಕು. 2029ರ ಡಿಸೆಂಬರ್‌ನಲ್ಲಿ ಬಾವುಟ ಹಿಡಿದು ಓಡಿದರೆ ಆಗುವುದಿಲ್ಲ.

ಗೆಳೆಯರೇ, ಒಂದು ಕೆಲಸ ಹಚ್ಚುತ್ತಿದ್ದೇವೆ. ವಿಧಾನಸಭೆಯ ನಡವಳಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಪ್ರತಿ ತಾಲೂಕಿನ ಸಂಗಾತಿಗಳು ತಮ್ಮ ಮೀಸಲು ಕ್ಷೇತ್ರದ ಶಾಸಕರು ಹೋದ ಒಂದು ವರ್ಷದಲ್ಲಿ ಎಷ್ಟು ಸಲ ಎದ್ದು ನಿಂತರು, ಏನು ಕೇಳಿದರು, ಉತ್ತರ ಏನು ಬಂತು ಅನ್ನೋದನ್ನು ಬರೆದುಕೊಂಡು ಬನ್ನಿ. ಒಳ್ಳೆಯದು ಕೇಳಿದ್ದರೆ ಅದನ್ನೂ ಮರೆಮಾಚದೆ ಬರೆಯಿರಿ, ಯಾರನ್ನೂ ಸುಮ್ಮನೆ ಬೈಯುವ ಉದ್ದೇಶ ನಮಗಿಲ್ಲ. ಒಂದೂ ಮಾತಾಡಿಲ್ಲದಿದ್ದರೆ ಹೆಸರಿನ ಮುಂದೆ ಖಾಲಿ ಗೆರೆ ಬಿಟ್ಟು ಕಳಿಸಿ, ನಾವೂ ಹಾಗೇ ಖಾಲಿ ಬಿಟ್ಟು ಅಚ್ಚು ಹಾಕುತ್ತೇವೆ. 1947ರ ಆಗಸ್ಟ್ 28ರ ದಾಕ್ಷಾಯಣಿಯವರ ಭಾಷಣವನ್ನು ಪೂರಾ ಕನ್ನಡಕ್ಕೆ ಮಾಡುತ್ತಿದ್ದೇವೆ, ನಾವು ಒಪ್ಪದ ವಾಕ್ಯವನ್ನೂ ಬಿಡದೆ. ಮುಂದಿನ ಸಂಚಿಕೆಯಲ್ಲಿ ಎಡಗಡೆ ಪುಟಕ್ಕೆ ಆ ಭಾಷಣ, ಬಲಗಡೆ ಪುಟಕ್ಕೆ ನೀವು ತಂದ ಪಟ್ಟಿ.